ಮೊದಲು ನೀವು ತೋರಿಸಿ

ಕೊನೆಯ ಎಲೆಯೂ ಮೇಜಿನ ಮೇಲೆ ಬಿದ್ದಾಯಿತು. ಪಣ ಕಟ್ಟುವವರು ಕಟ್ಟಿಯಾಯಿತು, ಬಿಡುವವರು ಎಲೆ ಎಸೆದು ಕೈಕಟ್ಟಿ ಕೂತದ್ದೂ ಆಯಿತು. ಈಗ ಕಣದಲ್ಲಿ ಉಳಿದವರು ಇಬ್ಬರೇ. ಇಬ್ಬರ ಮುಂದೆಯೂ ಕವುಚಿ ಹಾಕಿದ ಎರಡೆರಡು ಎಲೆ. ಅದನ್ನು ಮಗುಚಿದರೆ ಗೆದ್ದವರು ಯಾರು ಎಂದು ಆಗಲೇ ತಿಳಿದುಹೋಗುತ್ತದೆ. ಆದರೆ ಇಬ್ಬರೂ ಮಗುಚುವುದಿಲ್ಲ. ಒಬ್ಬ ಚಾವಣಿಯ ಫ್ಯಾನನ್ನು ಅದೇ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದಾನೆ. ಇನ್ನೊಬ್ಬ ತನ್ನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಕೆಡವಿ, ಮತ್ತೆ ಪೇರಿಸುತ್ತಿದ್ದಾನೆ. ಬೀಗರ ಮನೆಯ ಪಂಕ್ತಿಯಲ್ಲಿ ಹಸಿದ ಇಬ್ಬರು ಹಿರಿಯರು ‘ಮೊದಲು ನೀವು ಕೂತ್ಕೊಳ್ಳಿ’, ‘ಛೆ ಛೆ, ಮೊದಲು ನೀವು’ ಎಂದು ಉಪಚಾರ ಮಾಡುತ್ತ ನಿಂತು, ಹಿಂದಿನವರಿಗೆಲ್ಲ ದಾರಿ ಕಟ್ಟುವುದಿಲ್ಲವೇ, ಹಾಗೆ.

ಪೋಕರ್ ಆಟದಲ್ಲಿ ಈ ಗಳಿಗೆಗೆ ಶೋಡೌನ್ ಎಂದು ಹೆಸರು. ನನಗೆ ಈ ಆಟದ ಪರಿಚಯವಾದದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗನ ಮನೆಯಲ್ಲಿ. ಶನಿವಾರ ರಾತ್ರಿ ಅವನೂ ಅವನ ಆಫೀಸಿನ ಗೆಳೆಯರೂ ಊಟದ ಮೇಜಿನ ಸುತ್ತ ಕೂರುತ್ತಾರೆ. ದುಡ್ಡಿಲ್ಲ, ಪ್ಲಾಸ್ಟಿಕ್ ಬಿಲ್ಲೆ ಮಾತ್ರ. ಕೊನೆಗೆ ಎಲ್ಲರಿಗಿಂತ ಕಡಿಮೆ ಬಿಲ್ಲೆ ಉಳಿದವನು ಎಲ್ಲರಿಗೂ ಬಿರಿಯಾನಿ ತರಿಸಬೇಕು. ನಾನು ಆಡುವುದಿಲ್ಲ, ನೋಡುತ್ತೇನೆ. ಆಟ ಸುಲಭ: ಒಬ್ಬೊಬ್ಬರಿಗೆ ಎರಡು ಎಲೆ ಗುಟ್ಟಿನಲ್ಲಿ, ಎಲ್ಲರಿಗೂ ಸೇರಿ ಐದು ಎಲೆ ಬಹಿರಂಗದಲ್ಲಿ, ಆ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿ ಕಟ್ಟಿದ್ದೇ ನಿಮ್ಮ ಕೈ. ಇದನ್ನು ಕಲಿಯಲು ಹತ್ತು ನಿಮಿಷ ಸಾಕು. ಕೊನೆಯಲ್ಲಿ ಎಲೆ ತೋರಿಸುವುದು ಹೇಗೆ, ಯಾವಾಗ, ಯಾರು ಯಾರಿಗೆ ಎಂಬುದನ್ನು ಕಲಿಯಲು ಮಾತ್ರ ಇನ್ನೂ ಒದ್ದಾಡುತ್ತಿದ್ದೇನೆ. ಅದೊಂದು ಪ್ರತ್ಯೇಕ ಶಾಸ್ತ್ರ.

ಮೊದಲು ತೋರಿಸಬೇಕಾದವನು, ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಕೊನೆಗೆ ಪಣ ಏರಿಸಿದವನು. ಸವಾಲು ಹಾಕಿದವನೇ ಮೊದಲು ಲೆಕ್ಕ ಒಪ್ಪಿಸಬೇಕು. ಸವಾಲಿಗೆ ದುಡ್ಡು ಸುರಿದವನು ನೋಡುವ ಹಕ್ಕನ್ನು ಕೊಂಡುಕೊಂಡಿದ್ದಾನೆ. ಕೊನೆಯ ಸುತ್ತಿನಲ್ಲಿ ಯಾರೂ ಪಣವನ್ನೇ ಕಟ್ಟದಿದ್ದರೆ, ಎಲೆ ಹಂಚುವ ಸರದಿ ಯಾರದೋ ಅವನ ಎಡಗಡೆಯಿಂದ ಶುರುವಾಗಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಬೇಕು. ಇಷ್ಟು ಸ್ಪಷ್ಟವಾಗಿದ್ದರೂ ಜಗತ್ತಿನ ಎಲ್ಲ ಪೋಕರ್ ಮೇಜುಗಳಲ್ಲೂ ಈ ಗಳಿಗೆಯಲ್ಲಿ ಒಂದು ಕೆಮ್ಮು, ಒಂದು ಮೌನ, ‘ಏನಿದೆ ನಿಮ್ಮ ಹತ್ರ?’ ‘ನಿಮ್ಮ ಹತ್ರ ಏನಿದೆ ಹೇಳಿ’ ಇದ್ದದ್ದೇ. ಸಾವಿರಾರು ಜನ ಆಡುವ ಪಂದ್ಯಗಳಲ್ಲಿ ಹೀಗಾದರೆ ಬೆಳಗಾಗಿಬಿಡುತ್ತದೆ. 2001ರಲ್ಲಿ ಅಮೆರಿಕದ ಪಂದ್ಯ ನಿರ್ವಾಹಕರು ಸೇರಿಕೊಂಡು ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿ, ಒಂದೊಂದು ಕ್ಯಾಸಿನೊದಲ್ಲಿ ಒಂದೊಂದು ಥರ ಇದ್ದ ನಿಯಮಗಳನ್ನು ಒಂದು ಹದಕ್ಕೆ ತಂದರು. ಅದರಲ್ಲಿ ಈ ಎಲೆ ತೋರಿಸುವ ಬಾಬತ್ತಿಗೆ ಸಿಕ್ಕಿರುವ ಜಾಗ ನೋಡಿದರೆ, ನಿರ್ವಾಹಕರು ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕೆಂದು ಊಹಿಸಬಹುದು.

ಜಿಗುಟುತನಕ್ಕೆ ಕಾರಣ ಇಷ್ಟೇ. ಎದುರಿನವನ ಎಲೆ ನನ್ನದಕ್ಕಿಂತ ದೊಡ್ಡದು ಎಂದು ಕಂಡ ಮೇಲೆ ನಾನು ನನ್ನದನ್ನು ತೋರಿಸಬೇಕಾಗಿಲ್ಲ. ಕವುಚಿದ್ದನ್ನು ಹಾಗೇ ತಳ್ಳಿ, ಎಸೆದ ಎಲೆಗಳ ರಾಶಿಗೆ ಸೇರಿಸಿಬಿಡಬಹುದು. ಸೋತವನ ಮಾನ ಮುಚ್ಚಲು ಆಟವೇ ಮಾಡಿಕೊಟ್ಟ ಅನುಕೂಲ ಇದು. ನಾಲ್ಕೂ ಸುತ್ತು ಏನನ್ನು ನಂಬಿಕೊಂಡು ದುಡ್ಡು ಸುರಿದೆ, ಯಾವ ಗುಲಾಮನನ್ನು ರಾಜನೆಂದು ಭಾವಿಸಿ ಕೂತಿದ್ದೆ ಎಂಬ ನನ್ನ ಬುದ್ಧಿಯ ಪಂಚನಾಮೆ ನಾಲ್ಕು ಜನರೆದುರು ಆಗುವುದಿಲ್ಲ. ಹಾಗಾಗಿ ಎರಡನೆಯವನಾಗಿ ತೋರಿಸುವುದರಲ್ಲಿ ಲಾಭವಿದೆ, ಎಲ್ಲರಿಗೂ ಎರಡನೆಯವರಾಗಬೇಕು. ಎದುರಿನವನ ಕೈ ನೋಡಲೇಬೇಕು, ತನ್ನದು ಯಾರಿಗೂ ಕಾಣಬಾರದು. ಮನುಷ್ಯನ ಈ ಎರಡು ಆಸೆಗಳ ನಡುವೆ ಪಂಚಾಯಿತಿ ಮಾಡಲು ಕೂತದ್ದೇ ಶೋಡೌನಿನ ನಿಯಮಾವಳಿ ಎಂದು ನನ್ನ ತೀರ್ಮಾನ. ಉಳಿದದ್ದೆಲ್ಲ ಅದರ ಉಪನಿಯಮ.

ನಮ್ಮ ಕಡೆ ಇದೇ ಪಂಚಾಯಿತಿ ಇನ್ನೊಂದು ರೀತಿಯಲ್ಲಿ ತೀರ್ಮಾನವಾಗಿದೆ. ಹಿಂದಿನ ಕಾಲದ ಮದುವೆಗಳಲ್ಲಿ ವರಪೂಜೆಯ ಊಟ ಮುಗಿದ ಮೇಲೆ ಛತ್ರದ ಮೂಲೆಯಲ್ಲೊಂದು ಜಮಖಾನ ಹಾಸುತ್ತಿದ್ದರು. ಅಡುಗೆಯವರು ಬೆಳಗಿನ ತಿಂಡಿಗೆ ಕಾಯಿ ತುರಿಯಲು ಕೂರುವ ಹೊತ್ತಿಗೆ ಅಲ್ಲಿ ಮೂರೆಲೆ ಆಟ ಕಾವೇರಿರುತ್ತಿತ್ತು. ನಮ್ಮ ಚಿಕ್ಕಪ್ಪ ಅದರ ಖಾಯಂ ಸದಸ್ಯರು. ವರನ ಹೆಸರು ಮರೆತರೂ ಆ ಮದುವೆಯಲ್ಲಿ ತಮಗೆ ಬಿದ್ದ ಎಲೆಗಳನ್ನು ಮರೆಯುತ್ತಿರಲಿಲ್ಲ. ಮೂರೆಲೆಯಲ್ಲಿ ‘ಶೋ’ ಎಂಬುದು ತಾನಾಗಿ ಬರುವುದಿಲ್ಲ, ದುಡ್ಡು ಕೊಟ್ಟು ಕೇಳಬೇಕು. ಅದೂ ಇಬ್ಬರೇ ಉಳಿದಾಗ. ಎಲೆ ನೋಡಿ ಆಡುವವನಿಗೆ, ನೋಡದೆ ಆಡುವ ‘ಬ್ಲೈಂಡ್’ನವನಿಗಿಂತ ಎರಡು ಪಟ್ಟು ದರ, ಅಜ್ಞಾನಕ್ಕೆ ಅರ್ಧ ಟಿಕೆಟ್ ಕೊಡುವ ಆಟ ಇನ್ನೊಂದು ಇದೆಯೋ ಇಲ್ಲವೋ. ಅದಕ್ಕಿಂತ ತಮಾಷೆ ಎಂದರೆ, ಎದುರಿಗೆ ಬ್ಲೈಂಡ್ ಆಡುವವನಿದ್ದರೆ, ಎಲೆ ನೋಡಿದವನು ಶೋ ಕೇಳುವ ಹಾಗೇ ಇಲ್ಲ. ಒಂದೋ ದುಡ್ಡು ಹಾಕುತ್ತ ಹೋಗು, ಇಲ್ಲ ಎಲೆ ಬಿಟ್ಟು ಏಳು. ತನ್ನ ಎಲೆಯನ್ನು ತಾನೇ ನೋಡದವನಿಂದ ‘ತೋರಿಸು’ ಎಂದು ಕೇಳುವುದು ಯಾವ ನ್ಯಾಯ! ಮೂರೆಲೆಯ ಮೂಲವಾದ ಇಂಗ್ಲಿಷರ ಬ್ರ್ಯಾಗ್ ಆಟದಲ್ಲೂ ಇದೇ ಕಟ್ಟಳೆ ಇದೆ.

ಇನ್ನು ಸೈಡ್ ಶೋ. ಇದು ಪೋಕರಿನವರಿಗೆ ಕನಸಿನಲ್ಲೂ ಹೊಳೆಯದ ಏರ್ಪಾಡು. ಎಲೆ ನೋಡಿ ಆಡುವವನು, ತನಗಿಂತ ಮೊದಲು ಆಡಿದ ಪಕ್ಕದವನೂ ಎಲೆ ನೋಡಿದವನಾಗಿದ್ದರೆ, ಪಣ ಹಾಕಿ ‘ಸೈಡ್’ ಎನ್ನಬಹುದು. ಪಕ್ಕದವನು ಒಪ್ಪಿದರೆ ಇಬ್ಬರೂ ತಲೆಗೆ ತಲೆ ತಾಗಿಸಿ, ಬೇರೆಯವರಿಗೆ ಕಾಣದ ಹಾಗೆ ಎಲೆ ಹೋಲಿಸಿಕೊಳ್ಳುತ್ತಾರೆ. ಚಿಕ್ಕ ಕೈಯವನು ಸದ್ದಿಲ್ಲದೆ ಎಲೆ ಕೆಳಗಿಡುತ್ತಾನೆ. ಇಡೀ ಜಮಖಾನ ಅವರಿಬ್ಬರ ಮುಖವನ್ನೇ ನೋಡುತ್ತಿರುತ್ತದೆ. ಸಂಸಾರದ ಗುಟ್ಟು ಊರಿಗೆ ಗೊತ್ತಾಗದ ಹಾಗೆ ನಾಲ್ಕು ಗೋಡೆಯೊಳಗೇ ರಾಜಿ ಮಾಡಿಕೊಳ್ಳುವ ನಮ್ಮ ಸ್ವಭಾವ ಇಸ್ಪೀಟಿಗೂ ಇಳಿದಿದೆ. ಚಿಕ್ಕಪ್ಪ ಸೈಡ್ ಕೇಳಿ ಸೋತಾಗ ‘ಅವನ ಹತ್ರ ಏನಿತ್ತು?’ ಎಂದು ಯಾರಾದರೂ ಕೇಳಿದರೆ, ‘ಅದು ನಮ್ಮಿಬ್ಬರ ವಿಷಯ ಕಣಯ್ಯ’ ಎನ್ನುತ್ತಿದ್ದರು.

ಆದರೆ ಕುತೂಹಲಕ್ಕೆ ದಂಡವೂ ಉಂಟು. ಶೋನಲ್ಲಿ ಇಬ್ಬರದೂ ಸರಿಸಮ ಬಂದರೆ, ದುಡ್ಡು ಕೊಟ್ಟು ಶೋ ಕೇಳಿದವನೇ ಸೋತಂತೆ. ಪೋಕರ್ ಅಷ್ಟು ನಿರ್ದಯಿಯಲ್ಲ. ಸಮ ಬಂದರೆ ರಾಶಿಯನ್ನು ಪಾಲು ಮಾಡುತ್ತಾರೆ. ಇಸ್ಪೀಟು ದೊಡ್ಡದು, ಕಳಾವರ್ ಚಿಕ್ಕದು ಎಂಬ ತಾರತಮ್ಯವೂ ಅಲ್ಲಿಲ್ಲ. ಪಾಲು ಮಾಡಿ ಒಂದು ಬಿಲ್ಲೆ ಮಿಕ್ಕಿತೋ, ಅದನ್ನು ಹಂಚುವವನ ಎಡಗಡೆ ಮೊದಲು ಸಿಗುವವನಿಗೆ ಕೊಡಬೇಕೆಂದು ಅದಕ್ಕೂ ಒಂದು ನಿಯಮ ಬರೆದಿಟ್ಟಿದ್ದಾರೆ. ಮೂರೆಲೆಯ ಇನ್ನೊಂದು ಅನ್ಯಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. 52 ಎಲೆಯಿಂದ ಮೂರು ಎಲೆಯ ಕೈಗಳು 22,100 ಬಗೆಯಲ್ಲಿ ಬರಬಹುದು. ಅದರಲ್ಲಿ ಒಂದೇ ಅಂಕಿಯ ಮೂರೆಲೆ, ಅಂದರೆ ಟ್ರೇಲ್, 52 ಬಗೆ; ಒಂದೇ ಬಣ್ಣದ ಸಾಲು, ಪ್ಯೂರ್ ಸೀಕ್ವೆನ್ಸ್, 48 ಬಗೆ. ಅಪರೂಪವಾದದ್ದು ಸಾಲು, ಆದರೂ ದೊಡ್ಡದೆನಿಸಿಕೊಂಡಿರುವುದು ಟ್ರೇಲ್. ಮೂರು ಎಕ್ಕವನ್ನು ಒಟ್ಟಿಗೆ ಕಂಡವನಿಗೆ ಗಣಿತ ಹೇಳಿ ಬದುಕುವುದುಂಟೆ?

ಗಣಿತವನ್ನು ಕೇಳಿಸಿಕೊಳ್ಳುವವರು ನ್ಯಾಯಾಧೀಶರು ಮಾತ್ರ. 1967ರಲ್ಲಿ ಸುಪ್ರೀಂ ಕೋರ್ಟು, ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಎಸೆಯಬೇಕು ಎಂಬ ಜಾಣ್ಮೆ ಬೇಕು, ಆದ್ದರಿಂದ ಅದು ಹೆಚ್ಚಾಗಿ ಕೌಶಲದ ಆಟ ಎಂದಿತು. ಅದೇ ಉಸಿರಿನಲ್ಲಿ ನಮ್ಮ ಮೂರೆಲೆಯನ್ನು ಶುದ್ಧ ಅದೃಷ್ಟದಾಟ ಎಂದು ಬದಿಗೆ ತಳ್ಳಿತು. ಚಿಕ್ಕಪ್ಪನಿಗೆ ಈ ತೀರ್ಪು ತಮ್ಮ ಮೇಲೆ ವೈಯಕ್ತಿಕವಾಗಿ ಬರೆದದ್ದೆಂದು ಕೊನೆಯವರೆಗೂ ಸಂಶಯವಿತ್ತು. ಪೋಕರ್ ವಿಚಾರ 2013ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂಬ ಮಾತು ಅಲ್ಲಿ ಹೊರಟಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವುದನ್ನೇ ನಿಷೇಧಿಸಿತು. ಹಳ್ಳಿಯ ತೋಟದಲ್ಲಿ ಕೂತು ಅಂದರ್ ಬಾಹರ್ ಆಡುವವರಿಗೆ ಈ ಸೂಕ್ಷ್ಮವೆಲ್ಲ ಯಾವತ್ತೂ ತಟ್ಟಿಲ್ಲ. ಅವರ ಶೋಡೌನ್ ನಡೆಯುವುದು ಪೊಲೀಸರ ಎದುರಿಗೆ. ಮರುದಿನದ ಪತ್ರಿಕೆಯಲ್ಲಿ ಪಣಕ್ಕಿಟ್ಟ ನಗದಿನ ಜೊತೆ ‘52 ಇಸ್ಪೀಟು ಎಲೆಗಳನ್ನು ವಶಪಡಿಸಿಕೊಳ್ಳಲಾಗಿದೆ’ ಎಂದಿರುತ್ತದೆ. ಓಡುವ ಗಲಾಟೆಯಲ್ಲಿ ಒಂದೆಲೆಯೂ ತಪ್ಪಿಸಿಕೊಂಡಿರುವುದಿಲ್ಲ ಎಂಬುದು ನನಗೆ ಸದಾ ಬೆರಗಿನ ವಿಷಯ.

ಮತ್ತೆ ಪೋಕರ್ ಮೇಜಿಗೆ. ಅಲ್ಲಿ ಶೋಡೌನಿನ ಮೂಲಮಂತ್ರ, ಎಲೆ ಮಾತಾಡುತ್ತದೆ ಎಂಬುದು. ನೀವು ಬಾಯಲ್ಲಿ ‘ನನ್ನದು ಜೋಡಿ ಮಾತ್ರ’ ಎಂದರೂ ಮಗುಚಿದ ಎಲೆಯಲ್ಲಿ ಫ್ಲಶ್ ಇದ್ದರೆ ರಾಶಿ ನಿಮ್ಮದೇ. ಫ್ಲಶ್ ಎಂದು ಕೂಗಿ, ತೋರಿಸಿದ್ದು ಬೇರೇನೋ ಆಗಿದ್ದರೆ ಕೂಗಿಗೆ ಬೆಲೆಯಿಲ್ಲ. ಬೇಕೆಂದೇ ಸುಳ್ಳು ಕೂಗಿ, ಎದುರಿನವನು ನಂಬಿ ತನ್ನ ಗೆಲ್ಲುವ ಎಲೆಯನ್ನು ಎಸೆಯುವ ಹಾಗೆ ಮಾಡಿದರೆ ಅದು ದೊಡ್ಡ ಅಪರಾಧ. ಇದು ವಿಚಿತ್ರವಾಗಿ ಕಾಣುತ್ತದೆ. ಒಂದು ನಿಮಿಷದ ಹಿಂದಿನವರೆಗೆ ಸುಳ್ಳೇ ಅಲ್ಲಿ ವಿದ್ಯೆ. ಮುಖ ಸುಳ್ಳು, ನಿಟ್ಟುಸಿರು ಸುಳ್ಳು, ಪಣವೇ ಸುಳ್ಳು. ಎಷ್ಟು ಚೆನ್ನಾಗಿ ಹೇಳಿದರೆ ಅಷ್ಟು ಮೆಚ್ಚುಗೆ. ಕೊನೆಯ ಪಣ ಮುಗಿದ ಕೂಡಲೇ ಎಲ್ಲರೂ ಹರಿಶ್ಚಂದ್ರರಾಗಬೇಕು. ತೋರಿಸುವಾಗ ಎರಡೂ ಎಲೆ ತೋರಿಸಬೇಕು, ಒಂದರಲ್ಲೇ ಗೆದ್ದಿದ್ದರೂ ಸರಿ. ಮೇಜಿನ ಮೇಲಿನ ಐದೇ ಎಲೆ ನಿಮ್ಮ ಕೈಯಾಗಿದ್ದು, ನಿಮ್ಮೆರಡೂ ದಂಡಕ್ಕಿದ್ದರೂ, ಪಾಲು ಬೇಕಾದರೆ ಆ ದಂಡಪಿಂಡಗಳನ್ನೂ ಸಭೆಗೆ ಕರೆತರಬೇಕು.

ನಿಯಮ ಮುರಿಯದೆಯೂ ಮೇಜಿನವರ ಶಾಪಕ್ಕೆ ಗುರಿಯಾಗುವ ದಾರಿಯೊಂದಿದೆ, ಅದಕ್ಕೆ ಸ್ಲೋ ರೋಲ್ ಎನ್ನುತ್ತಾರೆ. ಸೋಲಲು ಸಾಧ್ಯವೇ ಇಲ್ಲದ ಕೈ ನಿಮ್ಮಲ್ಲಿದೆ. ಎದುರಿನವನು ಪಾಪ, ತನ್ನ ಮೂರು ರಾಣಿಯರನ್ನು ತೋರಿಸಿ, ಗೆದ್ದೆನೆಂದು ರಾಶಿಯ ಕಡೆ ಕೈಚಾಚುತ್ತಿದ್ದಾನೆ. ನೀವು ತಲೆ ಕೆರೆದುಕೊಂಡು, ‘ಓಹೋ, ರಾಣಿಯರೋ’ ಎಂದು ನೊಂದುಕೊಂಡು, ನೀರು ಕುಡಿದು, ಆಮೇಲೆ ಒಂದೊಂದಾಗಿ ನಿಮ್ಮ ಎಲೆ ಇಳಿಸುತ್ತೀರಿ. ಇದಕ್ಕೆ ದಂಡ ಕಟ್ಟಬೇಕಾಗುವುದು ಅಪರೂಪ, ಆದರೆ ಮರುವಾರ ನಿಮ್ಮನ್ನು ಆಟಕ್ಕೆ ಕರೆಯುವುದಿಲ್ಲ. ಅಕ್ಕನ ಮಗನ ಮೇಜಿನಲ್ಲಿ ಹೊಸದಾಗಿ ಬಂದ ಹುಡುಗನೊಬ್ಬ ಹೀಗೆ ಮಾಡಿದ. ಬಿರಿಯಾನಿ ಬಂದಾಗ ಅವನ ಪಾಲಿಗೆ ಬರೀ ಅನ್ನ, ಒಂದು ಲವಂಗ. ‘ಯಾಕೋ ಹಾಗೆ ಮಾಡಿದ್ರಿ?’ ಎಂದು ಆಮೇಲೆ ಕೇಳಿದೆ. ‘ಸುಳ್ಳು ಹೇಳಿ ಹೊಡೀಲಿ ಮಾಮ, ಬೇಜಾರಿಲ್ಲ. ಗೆದ್ದ ಮೇಲೆ ಆಟ ಆಡಿಸಬಾರದು’ ಎಂದ ಅಳಿಯ. ಆ ಹುಡುಗ ಮರುವಾರ ಬಂದ. ಎಲೆಯನ್ನು ಕೈ ಸುಟ್ಟಂತೆ ಮಗುಚುತ್ತಿದ್ದ.

ಎಸೆದ ಎಲೆಯ ರಾಶಿಗೆ ಮಕ್ ಎಂದು ಹೆಸರು. ಅದರೊಳಗೆ ಸೇರಿದ ಎಲೆ ಸತ್ತಂತೆಯೇ. ಗೆಲ್ಲುವ ಕೈಯನ್ನು ಅಜಾಗರೂಕತೆಯಿಂದ ಹಂಚುವವನು ಎಳೆದುಕೊಂಡು ರಾಶಿಗೆ ಬೆರೆಸಿಬಿಟ್ಟರೂ ಗತಿ ಅದೇ. ಕಾಪಾಡಿಕೊಳ್ಳಬೇಕಾದ್ದು ಮಾಲೀಕನ ಜವಾಬ್ದಾರಿ. ಆದ್ದರಿಂದ ಆಟಗಾರರು ಎಲೆಯ ಮೇಲೊಂದು ಭಾರ ಇಡುತ್ತಾರೆ, ಸಾಮಾನ್ಯವಾಗಿ ಒಂದು ಬಿಲ್ಲೆ. 1987 ಮತ್ತು 88ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಗೆದ್ದ ಜಾನಿ ಚಾನ್ ಮುಂದೆ ಒಂದು ಕಿತ್ತಳೆ ಹಣ್ಣು ಇರುತ್ತಿತ್ತು. ಸಿಗರೇಟು ಹೊಗೆಯ ನಡುವೆ ಮೂಸುವುದಕ್ಕೆ ಬೇಕೆಂದು ಅವರು ಇಟ್ಟುಕೊಂಡದ್ದು. ನೋಡಿದವರು ಅದನ್ನೇ ಮಂತ್ರದ ನಿಂಬೆಹಣ್ಣೆಂದು ತಿಳಿದರು. 2004ರಲ್ಲಿ ಗೆದ್ದ ಗ್ರೆಗ್ ರೇಮರ್ ಎಲೆಯ ಮೇಲಿಡುತ್ತಿದ್ದುದು ಪಳೆಯುಳಿಕೆಯ ಕಲ್ಲು.

ನೋಡುವ ಹಕ್ಕನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎಂಬ ಈ ಸಂಪ್ರದಾಯವನ್ನು ಬುಡಸಮೇತ ಅಲುಗಿಸಿದವರು ಹೆನ್ರಿ ಓರೆನ್‌ಸ್ಟೈನ್ ಎಂಬ ಆಟಿಕೆ ವ್ಯಾಪಾರಿ. ಪೋಲೆಂಡಿನಲ್ಲಿ 1923ರಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಯಾತನಾ ಶಿಬಿರದಲ್ಲಿದ್ದಾಗ ಒಮ್ಮೆ ಧ್ವನಿವರ್ಧಕದಲ್ಲಿ, ವಿಜ್ಞಾನಿಗಳು, ಗಣಿತಜ್ಞರು ಇದ್ದರೆ ಹೆಸರು ಕೊಡಿ ಎಂದು ಕೂಗಿದರಂತೆ. ಈತ ಎರಡೂ ಅಲ್ಲ. ತನ್ನ ಹೆಸರಿನ ಜೊತೆಗೆ ಒಡಹುಟ್ಟಿದವರ ಹೆಸರನ್ನೂ ಕೊಟ್ಟುಬಿಟ್ಟರು. ಆಮೇಲೆ ನೋಡಿದರೆ ಆ ಸಂಶೋಧನಾ ತಂಡವೇ ಖೋಟಾ. ಯುದ್ಧರಂಗಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳಲು ಜರ್ಮನ್ ಪ್ರೊಫೆಸರುಗಳು ಹೂಡಿದ್ದ ನಾಟಕ. ಎರಡು ಕಡೆಯೂ ಬರಿಗೈ, ಎರಡು ಕಡೆಯೂ ಶೋ ಕೇಳುವ ಹಾಗಿಲ್ಲ. ಆ ಬ್ಲಫ್‌ನಿಂದ ಓರೆನ್‌ಸ್ಟೈನ್ ಬದುಕಿ ಉಳಿದರು, ಅಮೆರಿಕಕ್ಕೆ ಹೋಗಿ ಆಟಿಕೆ ಮಾಡಿದರು, ಜಪಾನಿನ ರೂಪ ಬದಲಿಸುವ ಗೊಂಬೆಗಳು ಟ್ರಾನ್ಸ್‌ಫಾರ್ಮರ್ಸ್ ಆಗಿ ಜಗತ್ತಿಗೆಲ್ಲ ಹಬ್ಬಲು ಕಾರಣರಾದರು. ಟಿವಿಯಲ್ಲಿ ಪೋಕರ್ ನೋಡುತ್ತಾ ಅವರಿಗೆ ಬೇಜಾರಾಯಿತು. ಎಲೆಯೇ ಕಾಣದಿದ್ದರೆ ನೋಡುವುದಾದರೂ ಏನನ್ನು? 1990ರ ದಶಕದಲ್ಲಿ ಮೇಜಿನೊಳಗೆ ಕ್ಯಾಮೆರಾ ಹುದುಗಿಸಿ, ಕವುಚಿದ ಎಲೆಗಳನ್ನು ವೀಕ್ಷಕರಿಗೆ ತೋರಿಸುವ ಉಪಾಯಕ್ಕೆ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಟಿವಿ ಪೋಕರ್ ಎಂದರೆ ಸಪ್ಪೆ ಮುಖದ ಗಂಡಸರ ಸಾಲು. ಆಮೇಲೆ ಅದು ಧಾರಾವಾಹಿಯಾಯಿತು: ಸೊಸೆ ಬಾಗಿಲ ಹಿಂದೆ ನಿಂತಿರುವುದು ನಮಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ.

ಅದರ ಪರಮಾವಧಿ ಕಂಡದ್ದು 2003ರಲ್ಲಿ, ಲಾಸ್ ವೇಗಸ್‌ನಲ್ಲಿ. ತಲಾ ಹತ್ತು ಸಾವಿರ ಡಾಲರ್ ಪ್ರವೇಶಧನದ ಪಂದ್ಯಕ್ಕೆ 839 ಜನ. ಕೊನೆಗುಳಿದವರಲ್ಲಿ ಒಬ್ಬ ಟೆನೆಸಿಯ ಲೆಕ್ಕಿಗ, ಆನ್‌ಲೈನಿನ ಅಗ್ಗದ ಪಂದ್ಯವೊಂದನ್ನು ಗೆದ್ದು ಒಳಬಂದ ಕ್ರಿಸ್ ಮನಿಮೇಕರ್. ಹೆಸರು ನಾನು ಕಟ್ಟಿದ್ದಲ್ಲ, ಅಪ್ಪ ಅಮ್ಮ ಇಟ್ಟದ್ದೇ. ಎದುರಿಗೆ ಪಳಗಿದ ಆಟಗಾರ ಸ್ಯಾಮ್ ಫಾರ್ಹಾ. ಒಂದು ಆಟದಲ್ಲಿ ಮನಿಮೇಕರ್ ಕಾಯುತ್ತಿದ್ದ ಎಲೆ ಯಾವುದೂ ಬರಲಿಲ್ಲ. ಕೈಯಲ್ಲಿ ಉಳಿದದ್ದು ಒಂಟಿ ರಾಜ. ಆತ ತನ್ನ ಬಿಲ್ಲೆಗಳನ್ನೆಲ್ಲ ನೂಕಿಬಿಟ್ಟ. ಫಾರ್ಹಾ ಬಳಿ ಒಂಬತ್ತರ ಜೋಡಿ ಇತ್ತು, ಗೆಲ್ಲುವ ಕೈ. ಯೋಚಿಸಿದರು, ಯೋಚಿಸಿದರು, ಎಲೆ ಎಸೆದರು. ಶೋಡೌನೇ ಆಗಲಿಲ್ಲ. ಕೊನೆಗೆ ಇಪ್ಪತ್ತೈದು ಲಕ್ಷ ಡಾಲರ್ ಲೆಕ್ಕಿಗನ ಪಾಲಾಯಿತು. ಮನೆಯಲ್ಲಿ ಸೋಫಾ ಮೇಲೆ ಕೂತು ಟಿವಿ ನೋಡಿದವರಿಗೆಲ್ಲ ಆ ಒಂಟಿ ರಾಜ ಕಂಡಿದ್ದ. ಅದನ್ನು ನೋಡಲು ಬಿಲ್ಲೆ ತೆರಬೇಕಿದ್ದ ಒಬ್ಬನೇ ಒಬ್ಬನಿಗೆ ಆ ಹೊತ್ತಿನಲ್ಲಿ ಕಾಣಲಿಲ್ಲ.

ಎಲೆ ತೋರಿಸದೆ ಎದ್ದುಹೋದವರ ವಿಷಯದಲ್ಲಿ ಜನ ಸುಮ್ಮನಿರುವುದಿಲ್ಲ. 1876ರ ಆಗಸ್ಟ್ 2ರಂದು ಡೆಡ್‌ವುಡ್ ಎಂಬ ಊರಿನಲ್ಲಿ ವೈಲ್ಡ್ ಬಿಲ್ ಹಿಕಾಕ್ ಎಂಬ ಬಂದೂಕು ನಿಪುಣ, ಬಾಗಿಲಿಗೆ ಬೆನ್ನು ಹಾಕಿ ಪೋಕರ್ ಆಡುತ್ತಿದ್ದಾಗ ಹಿಂದಿನಿಂದ ಗುಂಡು ತಗುಲಿ ಸತ್ತ. ಅವನ ಕೈಯಲ್ಲಿ ಕಪ್ಪು ಎಕ್ಕಗಳೂ ಕಪ್ಪು ಎಂಟುಗಳೂ ಇದ್ದವೆಂದು ಕಥೆ ಬೆಳೆಯಿತು. ಆ ಕೈಗೆ ಸತ್ತವನ ಕೈ ಎಂದೇ ಹೆಸರಾಗಿದೆ. ಅದು ನಾಲ್ಕೇ ಎಲೆಯಾಯಿತು. ಐದನೆಯದು ಯಾವುದೆಂದು ಇಂದಿಗೂ ವಾದಿಸುವವರಿದ್ದಾರೆ, ಡೈಮನ್ ರಾಣಿ ಎಂದು ಕೆಲವರು, ಅಲ್ಲ ಎಂದು ಕೆಲವರು. ಸತ್ತವನನ್ನೂ ಶೋ ಕೇಳದೆ ಬಿಡುವುದಿಲ್ಲ ನಾವು.

ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಆಟ ಮಧ್ಯದಲ್ಲೇ ಮುಗಿದಿರುತ್ತದೆ, ಎಲ್ಲರೂ ಎಲೆ ಬಿಟ್ಟಿರುತ್ತಾರೆ, ಒಬ್ಬ ರಾಶಿ ಬಾಚಿಕೊಂಡಿರುತ್ತಾನೆ. ಆಗ ಬಿಟ್ಟವನಿಗೆ ಒಂದು ಚಪಲ: ಬಿಡದೆ ಇದ್ದಿದ್ದರೆ ಮುಂದಿನ ಎಲೆ ಯಾವುದು ಬೀಳುತ್ತಿತ್ತು? ಹಂಚುವವನನ್ನು ಕಾಡಿ ಬೇಡಿ, ಬೀಳದ ಎಲೆಯನ್ನು ತೆಗೆಸಿ ನೋಡುವ ಈ ಚಟಕ್ಕೆ ರ್‍ಯಾಬಿಟ್ ಹಂಟಿಂಗ್ ಎಂದು ಹೆಸರು. ನಿರ್ವಾಹಕರ ಸಂಘ ಅದನ್ನು ಸಾಫ್ ಸೀದಾ ನಿಷೇಧಿಸಿದೆ. ಹೊತ್ತು ಹಾಳು, ಹೊಟ್ಟೆಯುರಿ ಬೇರೆ. ಮನೆಯಾಟಗಳಲ್ಲಿ ಕೆಲವರು ಅದಕ್ಕೊಂದು ದರ ಇಟ್ಟಿದ್ದಾರೆ, ಅಳಿಯನ ಮೇಜಿನಲ್ಲಿ ಎರಡು ಬಿಲ್ಲೆ. ಚಿಕ್ಕಪ್ಪ ಇದ್ದಿದ್ದರೆ ಒಂದಕ್ಕೆ ಇಳಿಸುತ್ತಿದ್ದರು. ಛತ್ರದಲ್ಲಿ ಅವರು ಅದನ್ನು ಪುಕ್ಕಟೆಯಾಗಿಯೇ ಮಾಡುತ್ತಿದ್ದರು: ಎಲೆ ಬಿಟ್ಟವರೇ ಕಟ್ಟನ್ನು ಎತ್ತಿಕೊಂಡು, ಒಂದೊಂದಾಗಿ ಮಗುಚಿ ನೋಡಿ, ‘ನೋಡ್ದ್ಯಾ, ನೋಡ್ದ್ಯಾ’ ಎಂದು ಪಕ್ಕದವರ ತೊಡೆ ತಟ್ಟುತ್ತಿದ್ದರು. ಪಕ್ಕದವರು ಮುಂದಿನ ಆಟಕ್ಕೆ ಕಟ್ಟನ್ನು ಅವರ ಕೈಯಿಂದ ಕಸಿದುಕೊಳ್ಳಬೇಕಾಗುತ್ತಿತ್ತು.